ಸಕ್ಕರೆ ಕಮ್ಮಿಯಾದಷ್ಟೂ

ಎಪೆರ್ನೇ (ಫ್ರಾನ್ಸಿನ ಶಾಂಪೇನ್ ಸೀಮೆ), ಏಪ್ರಿಲ್ 22, 2024, ಸೋಮವಾರ

ಕೆಳಗಿನ ಮನೆ ತಾತ ಸಂಜೆಯಿಂದ ಚಡಪಡಿಸುತ್ತಿದ್ದರು. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯಬಹುದಂತೆ. ಅವೀಜ್ ಊರಲ್ಲಿ ಅವರ ಮಗನ ದ್ರಾಕ್ಷಿ ತೋಟ ಇದೆಯಲ್ಲ, ಅಲ್ಲಿ ಇರುವುದೆಲ್ಲ ಶಾರ್ಡನೇ. ಈ ದ್ರಾಕ್ಷಿ ಬೇಗ ಚಿಗುರುತ್ತದೆ. ಹಿಮ ಬಿದ್ದರೆ ಮೊದಲು ಸುಟ್ಟುಹೋಗುವುದೂ ಇದೇ.

‘ಒಬ್ಬನೇ ಕೂತರೆ ಬರೀ ಫೋನಲ್ಲಿ ಹವಾಮಾನ ನೋಡ್ತಾ ಇರ್ತೀನಿ, ಬನ್ನಿ’ ಎಂದು ಕರೆದರು. ಮಗ ಮಾಡಿದ ಬ್ಲಾಂ ದ ಬ್ಲಾಂ ತೆಗೆದರು. ಬಿಳಿ ದ್ರಾಕ್ಷಿಯೊಂದರಿಂದಲೇ ಮಾಡಿದ ಶಾಂಪೇನ್. ಬಿರಡೆ ಹಾರಿಸಲಿಲ್ಲ. ಬಟ್ಟೆ ಹಿಡಿದು ಬಾಟಲಿಯನ್ನು ತಿರುಗಿಸಿದರು, ಸುಯ್ ಎಂದು ಗಾಳಿ ಹೋಯಿತು, ಅಷ್ಟೇ. ಮೊದಲು ನಿಂಬೆ ಸಿಪ್ಪೆಯ ವಾಸನೆ. ಸ್ವಲ್ಪ ಹೊತ್ತು ಬಿಟ್ಟರೆ ಸುಟ್ಟ ಬ್ರೆಡ್‌ನದು. ಬಾಯಿಗೆ ಹುಳಿ, ನೇರವಾದ ಹುಳಿ, ಆಮೇಲೆ ನಾಲಿಗೆ ತುದಿಯಲ್ಲಿ ಸಣ್ಣ ಉಪ್ಪು.

‘ಸಕ್ಕರೆ ಎಷ್ಟು?’ ಅಂದೆ. ‘ಲೀಟರಿಗೆ ಮೂರೇ ಗ್ರಾಂ.’ ಲೇಬಲ್ ಮೇಲೆ ಬ್ರೂಟ್, ಅಂದರೆ ಸಿಹಿ ಕಮ್ಮಿಯದು, ಅಂತ ಬರೆಯೋಕೆ 12 ಗ್ರಾಂ ಒಳಗಿದ್ದರೆ ಸಾಕು. ‘ಸಿಹಿ ಇದ್ದರೆ ದ್ರಾಕ್ಷಿಯ ದೋಷ ಮುಚ್ಚಿಹೋಗುತ್ತೆ. ಇದರಲ್ಲಿ ಮುಚ್ಚಿಡೋಕೆ ಏನೂ ಇಲ್ಲ’ ಅಂದರು.

ತಾತ ಆಯುಷ್ಯಪೂರ್ತಿ ನೆಲಮಾಳಿಗೆಯಲ್ಲಿ ಬಾಟಲಿ ತಿರುಗಿಸಿದವರು. ವೈನ್‌ಗೆ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿ ಮುಚ್ಚಿದರೆ ಒಳಗೇ ಇನ್ನೊಂದು ಸಲ ಹುದುಗುತ್ತದೆ. ಗುಳ್ಳೆ ಹುಟ್ಟುವುದು ಅಲ್ಲಿಂದ. ಸತ್ತ ಯೀಸ್ಟ್ ತಳದಲ್ಲಿ ಗಸಿಯಾಗಿ ಕೂರುತ್ತದೆ. ಆ ಬ್ರೆಡ್ ವಾಸನೆ ಬರುವುದು ಗಸಿಯ ಜೊತೆ ವರ್ಷಗಟ್ಟಲೆ ಮಲಗಿದ್ದರಿಂದ. ಆಮೇಲೆ ತೂತಿನ ಹಲಗೆಗೆ ಬಾಟಲಿ ಸಿಕ್ಕಿಸಿ, ದಿನಾ ಇಷ್ಟಿಷ್ಟೇ ತಿರುಗಿಸಿ, ಓರೆ ಮಾಡಿ, ಗಸಿಯನ್ನು ಬಾಟಲಿಯ ಕುತ್ತಿಗೆಗೆ ಇಳಿಸಬೇಕು. ಕೈ ಪಳಗಿದವರು ದಿನಕ್ಕೆ 40 ಸಾವಿರ ಬಾಟಲಿ ಮುಟ್ಟುತ್ತಿದ್ದರಂತೆ. ಈಗ ಹೆಚ್ಚಿನ ಕಡೆ ಯಂತ್ರ. ತಾತ ಗಾಳಿಯಲ್ಲೇ ಎರಡೂ ಕೈಯಲ್ಲಿ ತೋರಿಸಿದರು, ಮಣಿಕಟ್ಟು ಚಕ್ ಚಕ್ ಎಂದು ತಿರುಗಿತು. ಎಡಗೈ ಪೂರ್ತಿ ತಿರುಗಲಿಲ್ಲ. ನೋಡಿ ನನಗೆ ಗಂಟಲು ಕಟ್ಟಿತು.

ಊರಿಂದ ಯಾರೇ ಬರಲಿ, ಶಾಂಪೇನ್‌ನ ಗುಳ್ಳೆ ಕಂಡುಹಿಡಿದರು ಅಂತ ಹೆಸರಾದ ಸನ್ಯಾಸಿ ಡಾಂ ಪೆರಿನ್ಯೋನ್ ಇದ್ದ ಮಠ ತೋರಿಸು ಅಂತಾರೆ. ತೋರಿಸ್ತೀನಿ, ಮಠವಿರುವ ಓವಿಲ್ಲೇ ಹಳ್ಳಿ ಇಲ್ಲೇ ನದಿಯಾಚೆ. ಆದರೆ ಗುಳ್ಳೆ ಕಂಡುಹಿಡಿದದ್ದು ಅವರಲ್ಲ. ಅವರು ಮಠಕ್ಕೆ ಬಂದದ್ದು 1668ರಲ್ಲಿ. ಸಕ್ಕರೆ ಹಾಕಿ ವೈನ್‌ನಲ್ಲಿ ನೊರೆ ಬರಿಸುವುದನ್ನು ಇಂಗ್ಲಿಷ್ ವಿಜ್ಞಾನಿ ಕ್ರಿಸ್ಟೋಫರ್ ಮೆರೆಟ್ 1662ರಲ್ಲೇ ಲಂಡನ್‌ನಲ್ಲಿ ಬರೆದಿದ್ದರು. ಗುಳ್ಳೆಯ ಒತ್ತಡ ತಡೆಯುವ, ಕಲ್ಲಿದ್ದಲ ಕುಲುಮೆಯ ಗಟ್ಟಿ ಗಾಜೂ ಇಂಗ್ಲಿಷರ ಹತ್ತಿರವೇ ಇತ್ತು.

ನನಗೆ ಜಾಸ್ತಿ ಇಷ್ಟವಾಗುವವರು ಮೇಡಂ ಪೊಮೆರಿ. ಗಂಡ ತೀರಿಕೊಂಡ ಮೇಲೆ ವೈನ್ ವ್ಯಾಪಾರ ಕೈಗೆತ್ತಿಕೊಂಡರು. ಆಗಿನ ಶಾಂಪೇನ್ ಬಹುಪಾಲು ಸಿಹಿಯೋ ಸಿಹಿ. ಇಂಗ್ಲೆಂಡಿನವರಿಗೆ ಸಿಹಿ ಬೇಡವಾಗಿತ್ತು. ಒಂದೆರಡು ಕಡೆ ಸಣ್ಣ ಪ್ರಯತ್ನ ಆಗಿತ್ತು, ಆದರೆ 1874ರ ಬೆಳೆಯಿಂದ ಇವರು ಮಾಡಿದ ಬ್ರೂಟ್ ನಿಜಕ್ಕೂ ಹೆಸರು ಮಾಡಿತು. ಸಕ್ಕರೆ ಬಿಡಬೇಕಾದರೆ ಹಣ್ಣು ಚೆನ್ನಾಗಿ ಮಾಗಬೇಕು. ಅದಕ್ಕೆ ಕಾಯಬೇಕು, ಮಳೆ ಬಂದರೆ ಬೆಳೆಯೇ ಹೋಗಬಹುದು. ಎಷ್ಟು ಧೈರ್ಯ ಅಲ್ವಾ?

ಕಿಟಕಿಯ ಹತ್ತಿರ ತೋಟದಿಂದ ತಂದ ಸೀಮೆಸುಣ್ಣದ ಗಟ್ಟಿಯೊಂದಿತ್ತು. ಸುಮ್ನೆ ಒಂದು ಚಮಚ ನೀರು ಹಾಕಿ ನೋಡಿದೆ. ಹರಿಯಲೇ ಇಲ್ಲ, ಕುಡಿದುಬಿಟ್ಟಿತು. ಬೇಸಿಗೆಯಲ್ಲಿ ಬಳ್ಳಿ ಬದುಕುವುದು ನೆಲದ ಸುಣ್ಣ ಹೀಗೆ ಹೀರಿಟ್ಟ ನೀರಿನಿಂದಲೇ. ಬೆರಳೆಲ್ಲ ಬಿಳಿ.

ತಾತ ಹುಡುಗರಾಗಿದ್ದಾಗ ಕೊಯ್ಲು ಸೆಪ್ಟೆಂಬರ್ ಕೊನೆಗೆ. ಈಗ ಎಷ್ಟೋ ವರ್ಷ ಆಗಸ್ಟ್‌ನಲ್ಲೇ ಶುರುವಾಗುತ್ತದೆ. ಬಿಸಿಲು ಏರಿದಂತೆ ಸಿಹಿ ಏರುತ್ತದೆ, ಹುಳಿ ಇಳಿಯುತ್ತದೆ. ಹುಳಿಯೇ ಇದರ ಬೆನ್ನೆಲುಬು. ಅದು ಹೋದರೆ ಮೂರು ಗ್ರಾಂ ಸಕ್ಕರೆ ಬಿಟ್ಟರೆಷ್ಟು, ಹಾಕಿದರೆಷ್ಟು? ಮಗನನ್ನು ಕೇಳಬೇಕು, ಹುಳಿ ಉಳಿಸೋಕೆ ಬೇಗ ಕೊಯ್ದರೆ ಹಣ್ಣಿಗೆ ರುಚಿಯೇ ಬಂದಿರಲ್ಲ, ಕಾದರೆ ಹುಳಿ ಇಳಿದಿರುತ್ತೆ, ಏನು ಮಾಡ್ತೀರಿ ಅಂತ.