ಒಂದೆರಡು ಕಡೆಗಳಲ್ಲಿ ಗುಡುಗು ಸಹಿತ ಮಳೆ

ಪಂಚಾಂಗದ ಪ್ರಕಾರ ಚೈತ್ರ, ವೈಶಾಖಗಳೆರಡೂ ವಸಂತ ಋತುವಿಗೆ ಸೇರಿದವು. ಆದರೆ ವೈಶಾಖದಲ್ಲಿ ಬಯಲುಸೀಮೆಯ ಬಸ್ಸಿನ ಕಿಟಕಿ ಪಕ್ಕ ಕುಳಿತವರು ಯಾರೂ ಅದನ್ನು ವಸಂತವೆಂದು ಕರೆಯಲಾರರು. ಮೇ 10ರ ಬೆಳಗ್ಗೆ ನಾನೂ ಅಕ್ಕನೂ ಬೆಂಗಳೂರಿನಿಂದ ಚಿತ್ರದುರ್ಗದ ಬಸ್ಸು ಹತ್ತಿದಾಗ ಭರಣಿ ಮಳೆಯ ಕೊನೆಯ ದಿನ; ಮರುದಿನ ಕೃತ್ತಿಕೆ ಹುಟ್ಟುವುದಿತ್ತು. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತನ್ನು ಕೇಳಿಕೊಂಡು ಬೆಳೆದವಳು ನಾನು. ಅಕ್ಕ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಅವಳಿಗೆ ನಕ್ಷತ್ರಗಳಿಗಿಂತ ಹವಾಮಾನ ಇಲಾಖೆಯ ಪ್ರಕಟಣೆಯ ಮೇಲೆ ನಂಬಿಕೆ ಹೆಚ್ಚು. ಆ ವಾರದ ಪ್ರಕಟಣೆಯಲ್ಲಿ ಇದ್ದುದು ಒಂದೇ ವಾಕ್ಯ: ಒಳನಾಡಿನ ಒಂದೆರಡು ಕಡೆಗಳಲ್ಲಿ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ.

ಈ ಒಂದೆರಡು ಕಡೆ ಎಂಬುದು ಬಾಯಿಗೆ ಬಂದ ಮಾತಲ್ಲ, ಅದಕ್ಕೆ ಲೆಕ್ಕವಿದೆ ಎಂದು ಅಕ್ಕ ತುಮಕೂರು ದಾಟುವ ಮೊದಲೇ ಪಾಠ ಶುರು ಮಾಡಿದಳು. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರವರೆಗೆ ಮಳೆಯಾಗುವಂತಿದ್ದರೆ ಒಂದೆರಡು ಕಡೆ, 26ರಿಂದ 50ರವರೆಗಾದರೆ ಕೆಲವು ಕಡೆ, 51ರಿಂದ 75 ಆದರೆ ಹಲವು ಕಡೆ, ಅದಕ್ಕೂ ಮೇಲಾದರೆ ಬಹುತೇಕ ಎಲ್ಲ ಕಡೆ. ಹಾಗಾದರೆ ನಾವು ಹೋಗುವ ಊರು ಆ ಒಂದರಲ್ಲಿದೆಯೋ ಎರಡರಲ್ಲಿದೆಯೋ ಎಂದು ಕೇಳಿದೆ. ಅದನ್ನು ಹೇಳುವಂತಿದ್ದರೆ ಸಾಧ್ಯತೆ ಎಂದು ಏಕೆ ಬರೆಯುತ್ತಿದ್ದರು ಎಂದು ಮರುಪ್ರಶ್ನೆ ಹಾಕಿ ಅವಳು ನಿದ್ದೆಹೋದಳು.

ಚಿತ್ರದುರ್ಗದ ಕೋಟೆಯನ್ನು ನೋಡಿ ಬರೆದವರು ಬಹಳ ಮಂದಿ ಇರುವುದರಿಂದ ಏಳು ಸುತ್ತಿನ ಕಥೆಯನ್ನೂ ಓಬವ್ವನ ಕಿಂಡಿಯ ಕಥೆಯನ್ನೂ ನಾನು ಮತ್ತೆ ಹೇಳುವುದಿಲ್ಲ. ಆ ಬಿಸಿಲಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಹೊಂಡಗಳು. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ನೀರು ಇಳಿಯುವಂತೆ ಕಟ್ಟಿದವರಿಗೆ, ಈ ಸೀಮೆಯ ಮಳೆ ಬಂದಾಗಲೇ ಹಿಡಿದಿಟ್ಟುಕೊಳ್ಳಬೇಕಾದ ಮಳೆ ಎಂಬುದು ಚೆನ್ನಾಗಿ ಗೊತ್ತಿದ್ದಿರಬೇಕು. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿ ಬದುಕುವ ಜನ ಮೋಡವನ್ನು ನೋಡುವ ಬಗೆಯೇ ಬೇರೆ. ಆ ಸಂಜೆ ಈಶಾನ್ಯದ ಅಂಚಿನಲ್ಲಿ ಒಂದು ಗಂಟೆ ಕಾಲ ಮಿಂಚು ಆಡಿತು, ಶಬ್ದ ಮಾತ್ರ ಒಂದೂ ಕೇಳಿಸಲಿಲ್ಲ. ಗುಡುಗು ಹದಿನೈದು ಇಪ್ಪತ್ತು ಕಿಲೋಮೀಟರಿನಾಚೆಗೆ ಸಾಮಾನ್ಯವಾಗಿ ಕೇಳಿಸದು, ಮಿಂಚಿನ ಬೆಳಕು ಮೋಡದಿಂದ ಮೋಡಕ್ಕೆ ಹಾರಿ ಅದಕ್ಕಿಂತ ಎಷ್ಟೋ ದೂರದವರೆಗೆ ಕಾಣುತ್ತದೆ. ವಸತಿಗೃಹದ ತಾರಸಿಯ ಮೇಲೆ ನಮ್ಮೊಂದಿಗೆ ನಿಂತಿದ್ದ ಅಡುಗೆಯ ಅಜ್ಜ, ಅದು ಚಳ್ಳಕೆರೆಗೂ ಆಚೆಯದು, ನಮ್ಮದಲ್ಲ ಎಂದು ತೀರ್ಪು ಕೊಟ್ಟು ಕೆಳಗಿಳಿದುಹೋದರು.

ಮರುದಿನ ಹೊಸಪೇಟೆಯ ದಾರಿಯಲ್ಲಿ, ಕೂಡ್ಲಿಗಿಗೆ ಇನ್ನೂ ಸ್ವಲ್ಪ ದೂರವಿರುವಾಗ, ಒಣಗಿ ಬೂದುಬಣ್ಣಕ್ಕೆ ತಿರುಗಿದ್ದ ಹೊಲಗಳ ನಡುವೆ ಇದ್ದಕ್ಕಿದ್ದಂತೆ ಕಪ್ಪಾದ ಡಾಂಬರು, ಗುಂಡಿಗಳಲ್ಲಿ ಕೆಂಪು ನೀರು, ರಸ್ತೆಗೆ ಅಡ್ಡ ಬಿದ್ದಿದ್ದ ಬೇವಿನ ಕೊಂಬೆ ಕಾಣಿಸಿದವು. ಐದಾರು ನಿಮಿಷ ಬಸ್ಸು ಆ ಒದ್ದೆ ನೆಲದಲ್ಲಿ ಸಾಗಿ ಮತ್ತೆ ಧೂಳಿಗೆ ಬಂತು. ರಾತ್ರಿ ಸುರಿದ ಮಳೆಯ ಅಗಲ ಅಷ್ಟೇ. ಹೀಗೇಕೆ ಎಂಬುದನ್ನು ಅಕ್ಕ ಬಸ್‌ ಟಿಕೆಟಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದಳು. ಈ ತಿಂಗಳುಗಳಲ್ಲಿ ವಿದರ್ಭದ ಕಡೆಯಿಂದ ಮರಾಠವಾಡದ ಮೇಲೆ ಹಾದು ನಮ್ಮ ಒಳನಾಡಿನ ಮೂಲಕ ದಕ್ಷಿಣಕ್ಕೆ ಗಾಳಿಯ ಒಂದು ಗೆರೆ ಇಳಿದುಬರುತ್ತದೆ. ಅದರ ಒಂದು ಮಗ್ಗುಲಿಗೆ ಬಂಗಾಳಕೊಲ್ಲಿಯ ತೇವದ ಗಾಳಿ, ಇನ್ನೊಂದು ಮಗ್ಗುಲಿಗೆ ವಾಯವ್ಯದ ಒಣ ಗಾಳಿ. ನೆಲ ಕಾದು ಅಲ್ಲಿನ ತೇವ ಮೇಲೆದ್ದರೆ, ಬೆಳಗ್ಗೆ ಹತ್ತಿಯ ಉಂಡೆಯಂತಿದ್ದದ್ದು ಮಧ್ಯಾಹ್ನ ಮೂರರ ಹೊತ್ತಿಗೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಗೋಪುರವಾಗಿ, ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಒಂದು ಮೋಡದ ಆಯುಸ್ಸು ಹೆಚ್ಚೆಂದರೆ ಗಂಟೆ. ಮುಂಗಾರಿನ ಮೋಡದಂತೆ ಅದು ದೇಶವನ್ನೆಲ್ಲ ಹೊದೆಯುವುದಿಲ್ಲ. ನಾಲ್ಕು ಹೊಲ ನೆನೆಸಿ, ಎರಡು ಮರ ಕೆಡವಿ ಹೋಗಿಬಿಡುತ್ತದೆ. ಟಿಕೆಟಿನ ಮೇಲೆ ಗಾಳಿಯ ಬಾಣಗಳು ತುಂಬಿಹೋಗಿದ್ದರಿಂದ ಹೊಸಪೇಟೆಯ ಬಳಿ ತಪಾಸಣೆಗೆ ಬಂದವರು ಅದನ್ನು ಎರಡು ಸಲ ತಿರುಗಿಸಿ ನೋಡಿದರು.

ಹಂಪಿಯನ್ನು ಮೇ ತಿಂಗಳಲ್ಲಿ ನೋಡಬಾರದೆಂದು ಎಲ್ಲರೂ ಹೇಳುತ್ತಾರೆ, ಅದು ಸರಿಯಾದ ಮಾತು. ಉಷ್ಣಾಂಶ ನಲವತ್ತರ ಆಸುಪಾಸಿನಲ್ಲಿತ್ತು. ಹಗಲೆಲ್ಲ ಕಾದ ಬಂಡೆಗಳು ರಾತ್ರಿ ಹತ್ತಾದರೂ ಒಲೆಯ ಮಗ್ಗುಲಿನಂತೆ ಬಿಸಿ ಉಗುಳುತ್ತಿದ್ದವು. ಆದರೂ ಜನರಿಲ್ಲದ ವಿಠ್ಠಲ ದೇವಾಲಯವನ್ನೂ ಬೆಳಗಿನ ಆರೂವರೆಯ ಬೆಳಕಿನಲ್ಲಿ ಹೇಮಕೂಟವನ್ನೂ ನೋಡಬೇಕೆಂದರೆ ಇದೇ ಕಾಲ ಎಂಬುದು ನನ್ನ ಅಭಿಪ್ರಾಯ. ವಿರೂಪಾಕ್ಷನ ಎದುರಿನ ಬೀದಿಯಲ್ಲಿ ನಡೆಯುವಾಗ ಅಕ್ಕ ಸಾಲುಮಂಟಪಗಳ ಕಂಬಗಳನ್ನು ಅನುಮಾನದಿಂದ ನೋಡುತ್ತಿದ್ದಳು. 2024ರ ಮೇ ತಿಂಗಳಲ್ಲಿ, ಇಂಥದೇ ಮಳೆಗೆ, ಇದೇ ಸಾಲುಮಂಟಪದ ಒಂದು ಭಾಗ ಕುಸಿದುಬಿದ್ದದ್ದು ನಮ್ಮಿಬ್ಬರಿಗೂ ನೆನಪಿತ್ತು. ಸಾಮ್ರಾಜ್ಯ ಅಳಿದ ಮೇಲೂ ನಾಲ್ಕೂವರೆ ಶತಮಾನ ನಿಂತ ಕಲ್ಲಿಗೆ ನೀರು ಒಳಗಿನಿಂದ ದಾರಿ ಮಾಡಿಕೊಂಡಿತ್ತು.

ಅಂದು ಸಂಜೆ ನಾಲ್ಕಕ್ಕೆ ಮಾತಂಗ ಪರ್ವತ ಹತ್ತಲು ಹೊರಟೆವು. ಹಂಪಿಯ ಸುತ್ತಿನಲ್ಲಿ ಅದೇ ಎತ್ತರದ ಜಾಗ. ತುದಿಯಲ್ಲಿ ವೀರಭದ್ರನ ಗುಡಿಯಿದೆ, ಅಲ್ಲಿ ನಿಂತರೆ ಅಚ್ಯುತರಾಯ ದೇವಾಲಯ ಕೆಳಗೆ ನಕ್ಷೆ ಬಿಡಿಸಿಟ್ಟಂತೆ ಕಾಣುತ್ತದೆ ಎಂದು ಕೇಳಿದ್ದೆ. ಮುಕ್ಕಾಲು ಹತ್ತಿದ್ದೆವು. ನೈರುತ್ಯದಲ್ಲಿ ನೀಲಿಗಪ್ಪು ಗೋಡೆಯೊಂದು ಎದ್ದು, ಅದರ ಬುಡದಿಂದ ಮಳೆಯ ಬೂದು ಪರದೆಗಳು ಇಳಿಬಿದ್ದಿದ್ದವು. ಆದರೆ ಆ ಪರದೆಗಳು ನೆಲ ಮುಟ್ಟದೆ ನಡುವೆಯೇ ಮಾಸಿಹೋಗುತ್ತಿದ್ದವು. ಕಾದ ಒಣ ಗಾಳಿ ಹನಿಗಳನ್ನು ದಾರಿಯಲ್ಲೇ ಕುಡಿಯುತ್ತಿತ್ತು. ನಾನು ಫೋಟೋ ತೆಗೆಯುವುದರಲ್ಲಿದ್ದೆ. ಅಕ್ಕ ಮಿಂಚಿಗೂ ಗುಡುಗಿಗೂ ನಡುವೆ ಎಣಿಸುತ್ತಿದ್ದಳು: ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೊದಲು ನಲವತ್ತೆರಡು, ಆಮೇಲೆ ಮೂವತ್ತೈದು, ಆಮೇಲೆ ಇಪ್ಪತ್ತೆಂಟು. ಮೂವತ್ತಕ್ಕಿಂತ ಕಡಿಮೆಯಾದರೆ ಬಯಲಿನಲ್ಲಿ ನಿಲ್ಲಬಾರದು ಎಂದವಳೇ ನನ್ನ ರಟ್ಟೆ ಹಿಡಿದು ತಿರುಗಿಸಿದಳು. ತುದಿ ಹದಿನೈದು ನಿಮಿಷದ ದೂರದಲ್ಲಿದೆ, ಗುಡಿಯೂ ಇದೆ, ಅಲ್ಲೇ ಒಳಗೆ ಕುಳಿತರಾಯಿತಲ್ಲ ಎಂಬ ನನ್ನ ವಾದಕ್ಕೆ ಅವಳು ಉತ್ತರವನ್ನೇ ಕೊಡಲಿಲ್ಲ. ಸುತ್ತಲಿನ ಎಲ್ಲಕ್ಕಿಂತ ಎತ್ತರದ ಬೋಳು ಬಂಡೆಯ ನೆತ್ತಿಯಲ್ಲಿ ನಾಲ್ಕು ಕಂಬದ ಕಲ್ಲಿನ ಮಾಡು ಸಿಡಿಲಿಗೆ ಎಂಥ ಆಸರೆ ಎಂಬುದು ನನಗೂ ಇಳಿಯುವಾಗ ಹೊಳೆಯಿತು. ಅರ್ಧ ಇಳಿಯುವಷ್ಟರಲ್ಲಿ ಗಾಳಿ ಬಂತು. ಮಳೆಯಲ್ಲಿ ತಣಿದು ಭಾರವಾದ ಗಾಳಿ ಮೋಡದಿಂದ ಕೆಳಕ್ಕೆ ಬಿದ್ದು, ನೆಲಕ್ಕೆ ಅಪ್ಪಳಿಸಿ, ನಾಲ್ಕೂ ಕಡೆಗೆ ಹರಡುವುದಂತೆ. ಮಳೆಗೆ ಮೊದಲು ಮೈಗೆ ತಾಕುವ ಆ ತಂಪು ಅದೇ. ಅದರೊಂದಿಗೆ ಕಣ್ಣು ಬಿಡಲಾಗದಷ್ಟು ಧೂಳು, ಎಲೆ, ಯಾರದೋ ಪ್ಲಾಸ್ಟಿಕ್ ಚೀಲ. ತಂಪು ಬಂತು, ಧೂಳು ಬಂತು, ನನ್ನ ಮುಂಗೈಗೆ ನಾಣ್ಯದಗಲದ ಐದಾರು ಹನಿಗಳು ಬಿದ್ದವು, ಮಳೆ ಬರಲಿಲ್ಲ. ಕೆಳಗೆ ತಲುಪಿದಾಗ ತುಂಗಭದ್ರೆಯ ಆಚೆ ದಡದಲ್ಲಿ, ಆನೆಗೊಂದಿಯ ದಿಕ್ಕಿಗೆ, ಗೋಡೆ ಸರಿದುಹೋಗಿತ್ತು.

ಬೆಳಗ್ಗೆ ಆಟೋದವನು ಹೇಳಿದ ಸುದ್ದಿ ಬೇರೆಯೇ ಆಗಿತ್ತು. ನಾವು ಐದು ಹನಿಗೆ ಬೇಸರಪಟ್ಟುಕೊಂಡ ಅದೇ ಗಾಳಿ ಅವನ ಭಾವನ ಬಾಳೆತೋಟವನ್ನು ಮಲಗಿಸಿತ್ತು. ಗೊನೆ ಬಿಟ್ಟ ಗಿಡಕ್ಕೆ ತಲೆಭಾರ, ಐವತ್ತು ಕಿಲೋಮೀಟರ್ ವೇಗದ ಗಾಳಿ ಒಂದೇ ನಿಮಿಷ ಬೀಸಿದರೂ ವರ್ಷದ ದುಡಿಮೆ ನೆಲಕ್ಕೆ. ಗಂಗಾವತಿಯ ಕಡೆ ಕೊಯ್ದು ರಸ್ತೆ ಬದಿಯಲ್ಲಿ ಹರವಿದ್ದ ಬೇಸಿಗೆ ಬೆಳೆಯ ಭತ್ತ ನೆನೆದು ರಾಶಿ ರಾಶಿಯೇ ಕಪ್ಪಾಗುವುದೆಂದೂ ಅವನೇ ಹೇಳಿದ. ಒಂದೇ ಮಳೆಯನ್ನು ಒಬ್ಬರು ಬೇಡುತ್ತಿದ್ದರೆ ಪಕ್ಕದ ಊರಿನವರು ಶಪಿಸುತ್ತಿರುತ್ತಾರೆ.

ಕೊಪ್ಪಳ ದಾಟಿ ಗದಗಕ್ಕೆ ಬಂದೆವು. ಬಸ್ಸಿನ ಚಾವಣಿಯ ಬಗ್ಗೆ ಒಂದು ಮಾತು ಹೇಳಲೇಬೇಕು: ದಾರಿಯಲ್ಲಿ ಹತ್ತು ನಿಮಿಷ ಸುರಿದ ಮಳೆ ಹೊರಗೆ ನಿಂತ ಮೇಲೂ ನಮ್ಮ ಸೀಟಿನ ಮೇಲೆ ಅರ್ಧ ಗಂಟೆ ಮುಂದುವರಿಯಿತು. ಕಿಟಕಿಯಾಚೆ ಎರೆಭೂಮಿ ಶುರುವಾಗಿತ್ತು. ಕೈ ತೂರುವಷ್ಟು ಬಿರುಕು ಬಿಟ್ಟ ಆ ಕಪ್ಪು ಮಣ್ಣಿನ ಹೊಲಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕುಂಟೆ ಹೊಡೆದು ಕಾಯುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ರೈತರೊಬ್ಬರನ್ನು ಮಳೆ ಹೇಗಿದೆಯೆಂದು ಕೇಳಿದೆ. "ಭರಣಿ ಹ್ವಾದ್ಳು ಬಿಡ್ರಿ. ಕೃತ್ತಿಕಾ ಒಂದು ಹದಾ ಆಗೂವಂಥ ಮಳಿ ಕೊಟ್ರ ಸಾಕ್ರಿ, ರೋಹಿಣಿಗೆ ಹೆಸರು ಬಿತ್ತತೀವಿ" ಎಂದರು. ಮೇ 25ರ ಸುಮಾರಿಗೆ ಹುಟ್ಟುವ ರೋಹಿಣಿಗೆ ಮುಂಗಾರು ಸಾಮಾನ್ಯವಾಗಿ ಇನ್ನೂ ಕೇರಳವನ್ನೇ ಮುಟ್ಟಿರುವುದಿಲ್ಲ, ಅದರ ವಾಡಿಕೆಯ ದಿನ ಜೂನ್ 1; ಎಂದರೆ ಇವರ ಹೆಸರಿನ ಬೆಳೆ ನಿಂತಿರುವುದು ಹವಾಮಾನ ಇಲಾಖೆಯ ಆ ಒಂದೆರಡು ಕಡೆಗಳ ಮೇಲೆಯೇ. ಅಕ್ಕ ಅಂದು ರಾತ್ರಿ ಪಂಚಾಂಗವನ್ನು ನನ್ನಿಂದ ಕೇಳಿ ತೆಗೆದುಕೊಂಡು ನೋಡಿದಳು.

ಗದಗಿನ ಸಂಜೆಯಲ್ಲಿ ಗಿರ್ಮಿಟ್ಟು, ಮಿರ್ಚಿ ಭಜಿ ಮತ್ತು ಗಾಳಿಯಂತ್ರಗಳ ಕುರಿತ ವಾಗ್ವಾದವೊಂದು ಸಿಕ್ಕಿತು. ಕಪ್ಪತಗುಡ್ಡದ ಮೇಲೆ ಕಟ್ಟುವ ಮೋಡವನ್ನು ಈ ರೆಕ್ಕೆಗಳೇ ಓಡಿಸುತ್ತಿವೆ ಎಂದು ಭಜಿ ಅಂಗಡಿಯ ಗುಂಪಿನ ಬಲವಾದ ನಂಬಿಕೆ. ಚಿತ್ರದುರ್ಗದಲ್ಲೂ ಇದನ್ನೇ ಕೇಳಿದ್ದೆವು. ರೆಕ್ಕೆಗಳ ಎತ್ತರ ನೂರಿನ್ನೂರು ಮೀಟರ್, ಈ ಕಾಲದ ಮೋಡದ ಬುಡವೇ ಒಂದು ಕಿಲೋಮೀಟರಿಗಿಂತ ಮೇಲೆ, ಕೈಬೀಸಣಿಗೆಯಿಂದ ಆನೆ ಓಡಿಸಿದಂತಾಯಿತು ಎಂದು ಅಕ್ಕ ಹೇಳಿದ್ದಕ್ಕೆ ಎಲ್ಲರೂ ನಕ್ಕರು, ಯಾರೂ ಒಪ್ಪಲಿಲ್ಲ. ಕಣ್ಣೆದುರು ಬಂದ ಮೋಡ ಪ್ರತಿಸಲವೂ ಪಕ್ಕದೂರಿಗೆ ಹೋಗುತ್ತಿದ್ದರೆ ನಾನೂ ಯಾರನ್ನಾದರೂ ಹೊಣೆ ಮಾಡುತ್ತಿದ್ದೆನೇನೋ.

ಲಕ್ಕುಂಡಿಯಲ್ಲಿ ಒಂದು ಪೂರ್ತಿ ದಿನ ಉಳಿದೆವು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿ ವಿಶ್ವೇಶ್ವರನ ಬಾಗಿಲವಾಡದ ಕೆತ್ತನೆ ಎಲ್ಲವನ್ನೂ ನೋಡಿದೆವಾದರೂ, ಮಧ್ಯಾಹ್ನದ ಹೊತ್ತನ್ನು ಕಳೆದದ್ದು ಮಾಣಿಕೇಶ್ವರದ ಮುಸುಕಿನ ಬಾವಿಯ ಮೆಟ್ಟಿಲುಗಳ ಮೇಲೆ. ಕೆಳಗಿನ ಹಸಿರು ನೀರಿನ ಹತ್ತಿರ ಹೋದಂತೆ ಬೇಸಿಗೆ ಒಂದೊಂದು ಮೆಟ್ಟಿಲಿಗೂ ಕಡಿಮೆಯಾಗುತ್ತಿತ್ತು. ಅಂದು ರೋಣದ ಕಡೆ ಆಲಿಕಲ್ಲು ಬಿತ್ತೆಂದು ಸಂಜೆ ಸುದ್ದಿ. ಲಕ್ಕುಂಡಿಯಲ್ಲಿ ಎಲೆಯೂ ಅಲುಗಲಿಲ್ಲ.

ಬಾದಾಮಿಯನ್ನು ಮೇ 15ರ ಮಧ್ಯಾಹ್ನ ತಲುಪಿದೆವು. ಸೆಖೆ ಎಂದರೆ ಉಸಿರಿಗೇ ತೂಕ ಬಂದಂತೆ. ಹದಿನೆಂಟು ಕೈಗಳ ನಟರಾಜನನ್ನು ನೋಡಿ ಮೇಲೇರಿ, ಮಂಗಳೇಶನ 578ರ ಶಾಸನವಿರುವ ಮೂರನೆಯ ಗುಹೆಯ ಜಗಲಿಗೆ ಬಂದಾಗ ನಾಲ್ಕೂಕಾಲು. ಎದುರು ಬೆಟ್ಟದ ಮೇಲಿನ ಕೋಟೆಗೋಡೆಯ ಹಿಂದೆ ಆಕಾಶ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಅಗಸ್ತ್ಯತೀರ್ಥದ ನೀರು ಮಾತ್ರ ಅದೇಕೋ ಅತಿಯಾಗಿ ಬೆಳಗುತ್ತಿತ್ತು. ಐದು ದಿನಗಳಲ್ಲಿ ಇಂಥ ಬಣ್ಣವನ್ನು ನಾಲ್ಕು ಸಲ ನೋಡಿ ಮೋಸಹೋಗಿದ್ದ ನಾನು ಛತ್ರಿಯನ್ನು ಕೋಣೆಯಲ್ಲೇ ಬಿಟ್ಟುಬಂದಿದ್ದೆ. ಮೊದಲು ತಿಳಿದುಕೊಂಡದ್ದು ಮಂಗಗಳು. ಪ್ರವಾಸಿಗರ ಚೀಲಗಳಿಗೆ ಹೊಂಚು ಹಾಕುತ್ತಿದ್ದವು ಆ ಕೆಲಸವನ್ನು ಬಿಟ್ಟು, ಮರಿಗಳನ್ನು ಅವುಚಿಕೊಂಡು ಬಂಡೆಯ ಸೀಳುಗಳೊಳಗೆ ಸೇರಿಕೊಂಡವು. ಕಾವಲಿನವರು ಎಲ್ಲರನ್ನೂ ಜಗಲಿಯಂಚಿನಿಂದ ಒಳಕ್ಕೆ ಕರೆದರು.

ಆಮೇಲೆ ಮಿಂಚು, ಗುಡುಗು ಎಂದು ಎಣಿಸಲು ಎಡೆಯೇ ಇರಲಿಲ್ಲ. ಬೆಳಕು ಮತ್ತು ಶಬ್ದ ಒಟ್ಟಿಗೆ ಬಿದ್ದವು. ಕೊರೆದ ಗುಹೆಯೊಳಗೆ ಗುಡುಗು ಕಿವಿಗಿಂತ ಹೆಚ್ಚಾಗಿ ಬೆನ್ನಿಗೆ ಕೇಳಿಸುತ್ತದೆ, ಒರಗಿಕೊಂಡ ಕಂಬ ಸಣ್ಣಗೆ ನಡುಗಿದ್ದು ನನಗೆ ಗೊತ್ತಾಯಿತು. ಕಂಬವಲ್ಲ, ನೀನು ನಡುಗಿದ್ದು ಎನ್ನುತ್ತಾಳೆ ಅಕ್ಕ. ಮಳೆ ಹನಿಯಾಗಿ ಬರಲಿಲ್ಲ, ಗುಹೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿದಂತೆ ಒಮ್ಮೆಗೇ ಇಳಿಯಿತು. ಕೆರೆ ಮಾಯವಾಯಿತು, ಊರು ಮಾಯವಾಯಿತು. ಮುಕ್ಕಾಲು ಗಂಟೆಯ ನಂತರ ಅದು ತೆಳುವಾದಾಗ ಮೊದಲು ಕಂಡದ್ದು ಕೆರೆಯಾಚೆಯ ಕೆಂಪು ಬಂಡೆಗೋಡೆಯಿಂದ ಜೊತೆಜೊತೆಯಾಗಿ ಧುಮುಕುತ್ತಿದ್ದ ಎರಡು ನೀರಿನ ಧಾರೆಗಳು. ವರ್ಷದ ಬಹುಪಾಲು ದಿನ ಅಲ್ಲಿರುವುದು ಕಲ್ಲಿನ ಮೇಲೆ ಬರಿಯ ಕಪ್ಪು ಗೆರೆ. ಮರಳುಗಲ್ಲಿನ ಬೋಳು ಬೆಟ್ಟ ನೀರನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಮಳೆ ಬಿದ್ದ ಕೆಲವೇ ನಿಮಿಷಗಳಲ್ಲಿ ಜಲಪಾತ ಹುಟ್ಟುತ್ತದೆ, ಅಷ್ಟೇ ಬೇಗ ಸಾಯುತ್ತದೆ. ಅದರ ಹೆಸರೇನೆಂದು ಅಕ್ಕ ಕಾವಲಿನವರನ್ನು ಕೇಳಿದಳು. "ಅಕ್ಕ-ತಂಗಿ ಅಂತೀವ್ರಿ" ಎಂದರು ಅವರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಕೆಳಗಿಳಿಯುವ ಮೆಟ್ಟಿಲುಗಳು ಆಗ ಹಳ್ಳವಾಗಿದ್ದವು. ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ, ಮೊಣಕಾಲಿನವರೆಗೆ ಕೆಂಪು ನೀರಿನಲ್ಲಿ ಇಳಿದೆವು. ಭೂತನಾಥನ ಗುಡಿಯ ಕಡೆ ನಡೆಯುವಷ್ಟರಲ್ಲಿ ಎರಡು ಧಾರೆಗಳಲ್ಲಿ ಒಂದು ಆಗಲೇ ನೂಲಿನಷ್ಟಾಗಿತ್ತು. ಊರಿನ ಹುಡುಗರು ಕೆರೆಯ ಮೆಟ್ಟಿಲ ಮೇಲೆ, ಗಾಳಿಗೆ ಉದುರಿದ ಮಾವಿನ ಮಿಡಿಗಳನ್ನು ಶರ್ಟಿನ ಮಡಿಲಲ್ಲಿ ತುಂಬಿಕೊಂಡು ಎಣಿಸುತ್ತಿದ್ದರು. ಕತ್ತಲಾಗುವ ಹೊತ್ತಿಗೆ ವಿದ್ಯುತ್ ಇರಲಿಲ್ಲ, ತಂಪಿತ್ತು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಹೊದಿಕೆ ಬೇಕೆನಿಸಿತು. ಮರುದಿನ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ದೇವಾಲಯದ ಎದುರು ಮಲಪ್ರಭೆ ಹಿಂದಿನ ಬೇಸಿಗೆಯ ಹೊಂಡಗಳಲ್ಲಿ ಸುಮ್ಮನೆ ನಿಂತಿತ್ತು. ಬಾದಾಮಿಯ ಆ ಮಳೆ ಅಲ್ಲಿಗೆ ಬಂದೇ ಇರಲಿಲ್ಲ.

ಬೆಂಗಳೂರಿಗೆ ಹಿಂತಿರುಗುವ ರಾತ್ರಿಯ ರೈಲಿನಲ್ಲಿ ಅಕ್ಕ ಅಂದಿನ ಪತ್ರಿಕೆಯನ್ನು ಬಿಡಿಸಿ, ಹಿಂದಿನ ದಿನ ಎಲ್ಲೆಲ್ಲಿ ಎಷ್ಟು ಸೆಂಟಿಮೀಟರ್ ಮಳೆಯಾಯಿತೆಂಬ ಮೂರು ಸಾಲಿನ ಪಟ್ಟಿಯನ್ನು ಬೆರಳಿಟ್ಟು ಓದಿದಳು. ಬಾದಾಮಿಯ ಹೆಸರು ಅದರಲ್ಲಿರಲಿಲ್ಲ. ಮಳೆಮಾಪಕ ಊರಿನ ಇನ್ನೊಂದು ತುದಿಯಲ್ಲಿದ್ದು ಅಲ್ಲಿ ಹನಿದದ್ದೇ ಅಷ್ಟಿರಬಹುದು, ಇಲ್ಲವೆ ಪಟ್ಟಿಯಲ್ಲಿ ಜಾಗ ಸಾಲದೆ ಬಿಟ್ಟಿರಬಹುದು ಎಂದು ಸ್ವಲ್ಪ ಹೊತ್ತು ಪತ್ರಿಕೆಯ ಪರವಾಗಿ ವಾದಿಸಿದಳು. ಆಮೇಲೆ ಸೀಟಿನ ಕೆಳಗಿನ ಚೀಲದಿಂದ ಇನ್ನೂ ಒಣಗದ ಸೀರೆಯನ್ನು ತೆಗೆದು, ಅಂಚಿನ ಕೆಂಪು ಮರಳನ್ನು ಕಿಟಕಿಯಾಚೆಗೆ ಕೊಡವಿದಳು.