ಎರಡು ಬಿಳಿ ಹೂಗಳಿಗೆ ಹುಟ್ಟಿದ ನೇರಳೆ

ಬಿಳಿ ಹೂ ಬಿಡುವ ಸ್ವೀಟ್ ಪೀ ಬಳ್ಳಿಯೊಂದನ್ನು, ಬಿಳಿ ಹೂವನ್ನೇ ಬಿಡುವ ಮತ್ತೊಂದು ತಳಿಯ ಬಳ್ಳಿಯೊಂದಿಗೆ ಸಂಕರ ಮಾಡಿದಾಗ ಹುಟ್ಟಿದ ಬಳ್ಳಿಗಳೆಲ್ಲವೂ ನೇರಳೆ ಹೂ ಬಿಟ್ಟವು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್, ಎಡಿತ್ ಸಾಂಡರ್ಸ್ ಮತ್ತು ರೆಜಿನಾಲ್ಡ್ ಪನೆಟ್ ಕಂಡ ಈ ಫಲಿತಾಂಶವನ್ನು ಮೊದಲ ಸಲ ಓದಿದ ದಿನ ನಾನು ಕಾಗದ ತೆಗೆದುಕೊಂಡು, ತಂದೆ ತಾಯಿಯ ಜೀನುಗಳು ಮರಿಗಳಲ್ಲಿ ಕೂಡಬಹುದಾದ ಬಗೆಗಳನ್ನೆಲ್ಲ ತೋರಿಸುವ ಹದಿನಾರು ಮನೆಗಳ ಚೌಕ ಬರೆದು, ಒಂದೊಂದೇ ಮನೆಯನ್ನು ತುಂಬುತ್ತಾ ಹೋದೆ. ಅಂದಿನಿಂದ ಜೀನುಗಳ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಆ ಚೌಕವೇ ನೆನಪಾಗುತ್ತದೆ.

ನೇರಳೆ ಬಣ್ಣ ತಯಾರಾಗಲು ಎರಡು ಜೀನುಗಳು ಬೇಕು. ಬಣ್ಣಕ್ಕೆ ಬೇಕಾದ ವಸ್ತುವನ್ನು ಒಂದು ಜೀನಿನ ಕಿಣ್ವ ಅರ್ಧ ದಾರಿಯವರೆಗೆ ಸಿದ್ಧಪಡಿಸುತ್ತದೆ. ಅಲ್ಲಿಂದ ಮುಂದಿನ ಕೆಲಸ ಇನ್ನೊಂದು ಜೀನಿನ ಕಿಣ್ವದ್ದು. ಮೊದಲ ಬಳ್ಳಿಯಲ್ಲಿ ಒಂದು ಜೀನು ಕೆಟ್ಟಿತ್ತು, ಎರಡನೆಯದರಲ್ಲಿ ಇನ್ನೊಂದು. ಸಂಕರದ ಬಳ್ಳಿಗೆ ಎರಡೂ ಕಡೆಯಿಂದ ಒಂದೊಂದು ಸರಿಯಾದ ಪ್ರತಿ ಸಿಕ್ಕಿದ್ದರಿಂದ ಕೆಲಸ ಪೂರ್ತಿಯಾಯಿತು. ಆ ನೇರಳೆ ಬಳ್ಳಿಗಳ ಮುಂದಿನ ಪೀಳಿಗೆಯನ್ನು ಚೌಕದಲ್ಲಿ ಎಣಿಸಿದರೆ ಒಂಬತ್ತು ಮನೆಗಳಲ್ಲಿ ಎರಡೂ ಜೀನುಗಳು ಸರಿಯಾಗಿರುತ್ತವೆ, ಮೂರರಲ್ಲಿ ಮೊದಲನೆಯದು ಮಾತ್ರ, ಮೂರರಲ್ಲಿ ಎರಡನೆಯದು ಮಾತ್ರ, ಒಂದರಲ್ಲಿ ಎರಡೂ ಇಲ್ಲ. ಕೊನೆಯ ಏಳೂ ಹೊರನೋಟಕ್ಕೆ ಬಿಳಿಯೇ. ಮೆಂಡೆಲ್ ತೋರಿಸಿದ್ದ 9:3:3:1 ಇಲ್ಲಿ 9:7 ಆಗಿ ಕಾಣುತ್ತದೆ. ಹೀಗೆ ಒಂದು ಜೀನಿನ ಪರಿಣಾಮ ಇನ್ನೊಂದರ ಮೇಲೆ ನಿಂತಿರುವುದನ್ನು ಈಗ ಎಪಿಸ್ಟಾಸಿಸ್ ಎಂದು ಕರೆಯುತ್ತಾರೆ. ಆ ಪರಿಭಾಷೆಯನ್ನು ಬಳಕೆಗೆ ತಂದವರೂ ಬೇಟ್ಸನ್ ಅವರೇ.

ಹೂವಿನ ಬಣ್ಣವಾದರೆ ಕುತೂಹಲಕ್ಕೆ ಮುಗಿಯಬಹುದು, ಆದರೆ ರಕ್ತದ ವಿಷಯದಲ್ಲಿ ಇದೇ ತರ್ಕ ಜೀವದ ಪ್ರಶ್ನೆಯಾಗುತ್ತದೆ. 1952ರಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ರಕ್ತದ ಗುಂಪನ್ನು ನೋಡಿ. ಎ ಮತ್ತು ಬಿ ಗುಂಪುಗಳನ್ನು ನಿರ್ಧರಿಸುವ ಜೀನು 9ನೆಯ ವರ್ಣತಂತುವಿನಲ್ಲಿದೆ. ಅದರ ಕಿಣ್ವ, ಕೆಂಪು ರಕ್ತಕಣದ ಮೇಲೆ ಮೊದಲೇ ಇರುವ ಎಚ್ ಎಂಬ ವಸ್ತುವಿಗೆ ಒಂದು ಸಕ್ಕರೆಯ ಅಣುವನ್ನು ಜೋಡಿಸುತ್ತದೆ. ಆ ಎಚ್ ವಸ್ತುವನ್ನು ತಯಾರಿಸುವ ಜೀನು ಇರುವುದು 19ನೆಯ ವರ್ಣತಂತುವಿನಲ್ಲಿ. ಅದರ ಎರಡೂ ಪ್ರತಿಗಳು ಕೆಟ್ಟಿದ್ದರೆ, ಎ ಅಥವಾ ಬಿ ಜೀನು ಎಷ್ಟೇ ಸರಿಯಾಗಿದ್ದರೂ ಅದರ ಕಿಣ್ವಕ್ಕೆ ಕೆಲಸವೇ ಇರುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಇಂಥವರ ರಕ್ತ ಓ ಗುಂಪಿನದೆಂದೇ ತೋರುತ್ತದೆ. ಆದರೆ ಅವರ ದೇಹದಲ್ಲಿ ಎಚ್ ವಿರುದ್ಧ ಪ್ರತಿಕಾಯಗಳಿರುವುದರಿಂದ ಓ ಗುಂಪಿನ ರಕ್ತವನ್ನು ಕೊಟ್ಟರೆ ಪ್ರಾಣಕ್ಕೇ ಅಪಾಯ. ಜೊತೆಗೆ, ಎ ಅಥವಾ ಬಿ ಜೀನು ಅವರಲ್ಲಿ ಸುಮ್ಮನೆ ಅಡಗಿಕೊಂಡಿದ್ದು, ಮಕ್ಕಳಲ್ಲಿ ಮತ್ತೆ ಕಾಣಿಸಿಕೊಳ್ಳಬಲ್ಲದು.

ಇಂಥ ಉದಾಹರಣೆಗಳನ್ನು ಕಂಡ ಮೇಲೆ, 'ಇಂಥ ರೋಗದ ಜೀನು ಪತ್ತೆ' ಎಂಬ ತಲೆಬರಹಗಳು ನನಗೆ ಅಪೂರ್ಣವೆನಿಸುತ್ತವೆ. ಯಾವ ಜೀನು ಎಂಬ ಪ್ರಶ್ನೆಯ ಬೆನ್ನಿಗೇ, ಯಾವ ಜೀನುಗಳ ಜೊತೆಯಲ್ಲಿ ಎಂಬ ಪ್ರಶ್ನೆಯೂ ಬರಬೇಕು. ಕೆಂಪು ರಕ್ತಕಣಗಳನ್ನು ಕುಡುಗೋಲಿನಂತೆ ಬಾಗಿಸುವ ಸಿಕಲ್ ಸೆಲ್ ಜೀನಿನ ಒಂದು ಪ್ರತಿ ಇದ್ದವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ; ಹಿಮೋಗ್ಲೋಬಿನ್ ತಯಾರಿಕೆಯನ್ನು ಕುಗ್ಗಿಸುವ ಆಲ್ಫಾ ಥಲಸ್ಸೀಮಿಯಾದ ಜೀನೂ ಅಂಥದೇ ರಕ್ಷಣೆ ಕೊಡುತ್ತದೆ. ಎರಡೂ ಒಬ್ಬರಲ್ಲೇ ಇದ್ದರೆ ರಕ್ಷಣೆ ಇಮ್ಮಡಿಯಾಗಬೇಕೆಂದು ಯಾರಿಗಾದರೂ ಅನಿಸುತ್ತದೆ. ಕೀನ್ಯಾದ ಕರಾವಳಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ತೀರ ವಿರುದ್ಧವಾದುದನ್ನು ತೋರಿಸಿತು: ಎರಡೂ ಇದ್ದ ಮಕ್ಕಳಲ್ಲಿ ರಕ್ಷಣೆ ಹೆಚ್ಚುಕಡಿಮೆ ಇಲ್ಲವಾಗಿತ್ತು. ಆದರೆ ಸಿಕಲ್ ಸೆಲ್ ಕಾಯಿಲೆಯೇ ಇರುವವರಲ್ಲಿ ಅದೇ ಆಲ್ಫಾ ಥಲಸ್ಸೀಮಿಯಾ ರಕ್ತಕಣಗಳು ಒಡೆಯುವುದನ್ನು ಕಡಿಮೆ ಮಾಡುತ್ತದೆ. ಹಾಗಿರುವಾಗ ಅದನ್ನು ಒಳ್ಳೆಯ ಜೀನು ಎನ್ನಬೇಕೋ ಕೆಟ್ಟ ಜೀನು ಎನ್ನಬೇಕೋ?

ಈ ಕಾಯಿಲೆಯ ಹೊಸ ಚಿಕಿತ್ಸೆಯೊಂದು ನಿಂತಿರುವುದೂ ಜೀನುಗಳ ನಂಟಿನ ಮೇಲೆಯೇ. ಗರ್ಭದಲ್ಲಿರುವ ಶಿಶುವಿನ ಹಿಮೋಗ್ಲೋಬಿನ್ ಬೇರೆ ಬಗೆಯದು. ಹುಟ್ಟಿದ ಮೇಲೆ ಬಿಸಿಎಲ್11ಎ ಎಂಬ ಜೀನು ಅದರ ತಯಾರಿಕೆಯನ್ನು ಅದುಮಿಡುತ್ತದೆ. ರೋಗಿಯ ರಕ್ತದ ಮೂಲಕೋಶಗಳಲ್ಲಿ ಈ ಅದುಮುವ ಜೀನನ್ನು ದುರ್ಬಲಗೊಳಿಸಿದರೆ ಭ್ರೂಣದ ಹಿಮೋಗ್ಲೋಬಿನ್ ಮತ್ತೆ ತಯಾರಾಗಿ, ಕಣಗಳು ಕುಡುಗೋಲಿನಂತೆ ಬಾಗುವುದು ತಪ್ಪುತ್ತದೆ. 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟ, ಕ್ರಿಸ್ಪರ್ ಎಂಬ ಜೀನು ಕತ್ತರಿಸುವ ತಂತ್ರದ ಚಿಕಿತ್ಸೆ ಇದೇ. ಕಾಯಿಲೆಗೆ ಕಾರಣವಾದ ಜೀನು ಇದ್ದ ಹಾಗೆಯೇ ಇರುತ್ತದೆ, ಬದಲಾಗುವುದು ಅದರ ನೆರೆಹೊರೆ. ಈ ಚಿಕಿತ್ಸೆಯ ಕುರಿತು ಓದಿದಾಗ ಹಿಂದೆ ಚೌಕದ ಮನೆಗಳನ್ನು ತುಂಬಿದಾಗಿನ ಸಂತೋಷವೇ ಮರಳಿ ಬಂದಂತಾಯಿತು.

ವಿಕಾಸದ ದಾರಿಗಳನ್ನೂ ಇದೇ ಪರಸ್ಪರತೆ ತಿದ್ದುತ್ತದೆ. ಬ್ಯಾಕ್ಟೀರಿಯಾದ ಒಂದು ಕಿಣ್ವದಲ್ಲಿ ಐದು ಬದಲಾವಣೆಗಳು ಕೂಡಿಬಂದರೆ ಒಂದು ಆ್ಯಂಟಿಬಯಾಟಿಕ್‌ಗೆ ಅದು ತೋರುವ ಪ್ರತಿರೋಧ ಸುಮಾರು ಲಕ್ಷ ಪಟ್ಟು ಹೆಚ್ಚುತ್ತದೆ. ಆ ಐದನ್ನು 120 ಕ್ರಮಗಳಲ್ಲಿ ಜೋಡಿಸಬಹುದು. ಆದರೆ ಪ್ರತಿ ಹೆಜ್ಜೆಯಲ್ಲೂ ಪ್ರತಿರೋಧ ಹೆಚ್ಚುತ್ತಲೇ ಹೋಗುವ ಕ್ರಮಗಳು ಕೇವಲ 18 ಎಂದು 2006ರ ಪ್ರಯೋಗವೊಂದು ತೋರಿಸಿತು. ಇಲ್ಲಿ ಒಡನಾಟವಿರುವುದು ಒಂದೇ ಜೀನಿನೊಳಗಿನ ಬದಲಾವಣೆಗಳ ನಡುವೆ ಎಂಬುದು ನಿಜ, ಆದರೂ ತರ್ಕ ಬೇರೆಯಲ್ಲ.

ರೋಗ ಮತ್ತು ವಿಕಾಸ ಎರಡನ್ನೂ ಒಂದೇ ಕಡೆ ಕಾಣಬೇಕಿದ್ದರೆ ಪ್ಲ್ಯಾಟಿ ಮತ್ತು ಸ್ವೋರ್ಡ್‌ಟೇಲ್ ಎಂಬ ಪುಟ್ಟ ಮೀನುಗಳನ್ನು ನೋಡಬೇಕು. ಪ್ಲ್ಯಾಟಿಯ ಮೈಮೇಲೆ ಕಪ್ಪು ಚುಕ್ಕೆಗಳನ್ನು ಮೂಡಿಸುವ ಒಂದು ಜೀನಿದೆ, ಅದನ್ನು ಹದ್ದುಬಸ್ತಿನಲ್ಲಿಡುವ ಇನ್ನೊಂದೂ ಇದೆ. ಸ್ವೋರ್ಡ್‌ಟೇಲ್‌ನಲ್ಲಿ ಈ ಎರಡೂ ಇಲ್ಲ. ಇವೆರಡರ ಸಂಕರದ ಮರಿಯನ್ನು ಮತ್ತೆ ಸ್ವೋರ್ಡ್‌ಟೇಲ್ ಜೊತೆ ಕೂಡಿಸಿದಾಗ, ಕೆಲವು ಮರಿಗಳಿಗೆ ಚುಕ್ಕೆಯ ಜೀನು ಸಿಕ್ಕಿ ಕಾವಲಿನ ಜೀನು ಸಿಗದೆ ಹೋಗುತ್ತದೆ. ಅವುಗಳ ಮೈಮೇಲೆ ಚುಕ್ಕೆಗಳ ಜಾಗದಲ್ಲಿ ಮೆಲನೋಮ ಎಂಬ ಕ್ಯಾನ್ಸರ್ ಬೆಳೆಯುತ್ತದೆ. ಪ್ರಯೋಗಾಲಯಗಳಲ್ಲಿ 1920ರ ದಶಕದಿಂದಲೂ ಇದನ್ನು ಕಂಡಿದ್ದಾರೆ. ಎರಡು ಮೀನುಗಳಲ್ಲಿ ಯಾವುದೂ ತನ್ನ ಪ್ರಭೇದದೊಳಗೆ ರೋಗಿಯಲ್ಲ, ಅವುಗಳ ಪೂರ್ವಜರೂ ಈ ಕಾಯಿಲೆಯನ್ನು ಹಾದು ಬರಬೇಕಾಗಿರಲಿಲ್ಲ. ಬೇರೆ ಬೇರೆ ಜೀನುಗಳ ಜೊತೆ ಹೊಂದಿಕೊಂಡ ಎರಡು ವಂಶಗಳು ಒಂದೇ ಮರಿಯ ಮೈಯಲ್ಲಿ ಎದುರಾದಾಗ ಮಾತ್ರ ಹೊಂದಾಣಿಕೆ ತಪ್ಪಿತು.