ಒಂದೇ ಕಿವಿ ಕಟ್ಟಿಕೊಂಡಾಗ

ಕಲಬುರಗಿ, 14 ಮೇ 2025, ಬುಧವಾರ

ಈ ಬಿಸಿಲಿನಲ್ಲಿ ನಮ್ಮ ಊರಿನವರಿಗೆ ಎಲ್ಲದಕ್ಕೂ ಒಂದೇ ಕಾರಣ: ಉಷ್ಣ. ಮೂಗಿನಿಂದ ರಕ್ತ ಬಂದರೂ ಉಷ್ಣ, ತಲೆ ಸಿಡಿದರೂ ಉಷ್ಣ. ಬಹಳಷ್ಟು ಸಲ ಅದು ನಿಜವೂ ಹೌದು. ಒಣಗಾಳಿಗೆ ಮೂಗಿನ ಮುಂಭಾಗದ ತೆಳುಪೊರೆ ಬಿರಿದು ರಕ್ತ ತೊಟ್ಟಿಕ್ಕುತ್ತದೆ. ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನಿಲ್ಲುತ್ತದೆ.

ಇಂದು ಶ್ರವಣ ಪರೀಕ್ಷೆಗೆ ಬಂದ ಕಾಕಾ ಹೇಳಿದ ರಕ್ತ ಅಂಥದ್ದಲ್ಲ. ಅವರಿಗೆ ದಾಲ್‌ಮಿಲ್ಲಿನಲ್ಲಿ ತೊಗರಿ ತೂಗುವ ಕೆಲಸ, ವಯಸ್ಸು ಐವತ್ತರ ಆಸುಪಾಸು. (ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.) ಎರಡು ತಿಂಗಳಿಂದ ಬಲಗಿವಿ ಕಟ್ಟಿಕೊಂಡಿದೆ, ಒಳಗೆ ಗುಂಯ್‌ಗುಡುತ್ತದೆ. ಮಿಲ್ಲಿನ ಧೂಳೆಂದು ಹನಿ ಹಾಕಿಸಿದ್ದಾರೆ, ಗುಗ್ಗೆ ತೆಗೆಸಿದ್ದಾರೆ. “ಬೆಳಿಗ್ಗೆ ಎದ್ದು ಕ್ಯಾಕರಿಸಿದರೆ ಕಫದಲ್ಲಿ ರಕ್ತದ ಎಳೆ ಇರುತ್ತದೆ ತಾಯಿ” ಎಂದರು. ಅಂದರೆ ರಕ್ತ ಮುಂದಕ್ಕೆ ಹನಿಯುತ್ತಿಲ್ಲ, ಹಿಂದಿನಿಂದ ಗಂಟಲಿಗೆ ಇಳಿಯುತ್ತಿದೆ.

ಕಿವಿಯ ಒತ್ತಡ ಅಳೆಯುವ ಯಂತ್ರದ ರಬ್ಬರ್ ತುದಿಯನ್ನು ಎಡಗಿವಿಗೆ ಇಟ್ಟೆ. ಗೆರೆ ಗುಡ್ಡದಂತೆ ಏರಿ ಇಳಿಯಿತು. ಬಲಗಿವಿಯ ಗೆರೆ ಏಳಲೇ ಇಲ್ಲ, ಕಾಗದದ ಈ ಅಂಚಿನಿಂದ ಆ ಅಂಚಿಗೆ ಮಟ್ಟಸವಾಗಿ ಮಲಗಿತು. ಅಂದರೆ ಕಿವಿತಮಟೆಯ ಹಿಂದೆ ನೀರು ನಿಂತಿದೆ. ಮಕ್ಕಳಲ್ಲಿ ಇದು ಸಾಮಾನ್ಯ. ಆದರೆ ಈ ವಯಸ್ಸಿನವರಿಗೆ, ಅದೂ ಒಂದೇ ಕಿವಿಗೆ, ನೆಗಡಿ ಇಲ್ಲದೆ ವಾರಗಟ್ಟಲೆ ನೀರು ನಿಂತರೆ ಮೂಗಿನ ಹಿಂಭಾಗವನ್ನು ನೋಡಲೇಬೇಕು. ಮಧ್ಯಕಿವಿಗೆ ಗಾಳಿ ಹೋಗುವ ನಾಳದ ಬಾಯಿ ಇರುವುದು ಅಲ್ಲಿ, ಕಿರುನಾಲಗೆಯ ಮೇಲೆ, ಮೂಗು ಗಂಟಲು ಸೇರುವ ಜಾಗದಲ್ಲಿ. ನಾಸಾಗಂಟಲಿನ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಆ ಬಾಯಿಯ ಪಕ್ಕದ ಸಂದಿಯಲ್ಲಿ. ಟಾರ್ಚ್ ಹಿಡಿದು ಬಾಯಿ ತೆರೆಸಿದರೆ ಅದು ಕಾಣುವುದಿಲ್ಲ.

ಹೆಗಲ ಮೇಲಿನ ಟವೆಲ್ ಸರಿಸಲು ಹೇಳಿದೆ. ಬಲಗಿವಿಯ ಕೆಳಗೆ, ದವಡೆಯ ಮೂಲೆಯ ಹಿಂದೆ ಗಟ್ಟಿ ಗಂಟು. “ನೋವಿಲ್ಲವಲ್ಲ, ಅದಕ್ಕೇ ಬಿಟ್ಟಿದ್ದೆ.” ನನ್ನ ಎದೆ ಝಲ್ಲೆಂದಿತು. ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಮೊದಲು ತಿಳಿಯುವುದೇ ನೋವಿಲ್ಲದ ಇಂಥ ಗಂಟಿನಿಂದ. ನಮ್ಮ ಭಾಗದಲ್ಲಿ ಕುತ್ತಿಗೆಯ ಗಂಟೆಂದರೆ ಕ್ಷಯದ ಗಂಟು ಎಂದು ಮನೆಯವರೇ ತೀರ್ಮಾನಿಸುತ್ತಾರೆ. ಕ್ಷಯವೇ ಇರಬಹುದು, ಆದರೆ ಅದನ್ನು ಗಂಟಿಗೆ ಸೂಜಿ ಚುಚ್ಚಿ ಮಾಡುವ ಪರೀಕ್ಷೆ ಹೇಳಬೇಕು.

ನಮ್ಮಲ್ಲಿ ಈ ಕ್ಯಾನ್ಸರ್ ಅಪರೂಪ. ದೇಶದಲ್ಲಿ ನಾಗಾಲ್ಯಾಂಡ್, ಮಣಿಪುರದ ಕಡೆ ಹೆಚ್ಚು. ಹೊರಗೆ ದಕ್ಷಿಣ ಚೀನಾ, ಆಗ್ನೇಯ ಏಷ್ಯಾದಲ್ಲಿ. ಅಪರೂಪವಾದ್ದರಿಂದಲೇ ಇಲ್ಲಿ ಯಾರಿಗೂ ಬೇಗ ಅನುಮಾನ ಬರುವುದಿಲ್ಲ. ಒಂದು ವಸ್ತು ಎರಡಾಗಿ ಕಾಣುವುದು, ಮುಖದ ಒಂದು ಕಡೆ ಜೋಮು ಹಿಡಿಯುವುದು, ಇಷ್ಟಾಗುವ ಹೊತ್ತಿಗೆ ಅದು ನರಗಳಿಗೆ ಹಬ್ಬಿರುತ್ತದೆ.

ರೋಗ ಯಾವುದೆಂದು ಹೇಳುವುದು ನನ್ನ ಕೆಲಸವಲ್ಲ. ವರದಿಯ ಕೆಳಗೆ “ಮೂಗಿನ ಎಂಡೋಸ್ಕೋಪಿ ಆಗಬೇಕು” (ಸಣ್ಣ ಕ್ಯಾಮೆರಾ ಕೊಳವೆಯಿಂದ ಮೂಗಿನ ಒಳಗೆ ನೋಡುವುದು) ಎಂದು ಬರೆದು, ಕಿವಿ ಮೂಗು ಗಂಟಲು ವೈದ್ಯರ ಬಳಿಗೆ ನಾನೇ ಕರೆದುಕೊಂಡು ಹೋದೆ. ಮಧ್ಯಾಹ್ನವೇ ಎಂಡೋಸ್ಕೋಪಿ ಮಾಡಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ.

ಹೊರಗೆ ಕಾಕಿ ಕೈ ಹಿಡಿದು ಕೇಳಿದರು: “ಅದೇ ಆಗಿದ್ದರೆ ಮುಖ ಕೊಯ್ಯುತ್ತಾರೇನವ್ವ?” ಇಲ್ಲ ಎಂದೆ. ಇದಕ್ಕೆ ಮುಖ್ಯ ಚಿಕಿತ್ಸೆ ವಿಕಿರಣ, ಹಂತ ನೋಡಿ ಜೊತೆಗೆ ಕಿಮೊ. ಮೊದಲ ಹಂತದಲ್ಲಿ ಸಿಕ್ಕವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ನಮ್ಮ ಊರಲ್ಲೇ ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ವಿಳಾಸ ಬರೆದುಕೊಟ್ಟಿದ್ದೇನೆ.